ನಮ್ಮ ಮನೆಯ ಐದು ಜನ ಮತ್ತು ಜಗತ್ತಿನ ಇಂಟರ್ನೆಟ್ ಲೆಕ್ಕ

ಹೊಸನಗರ ತಾಲ್ಲೂಕಿನ ನಮ್ಮೂರಿಗೆ ಟವರ್ ಬೇಕು ಅಂತ ಅರ್ಜಿ ಬರೆಯುತ್ತಿದ್ದೆವು. ಜೊತೆಗೆ ಒಂದು ಪುಟ ಲೆಕ್ಕ ಇಡೋಣ ಅಂತ ನಾನೇ ಹೇಳಿದೆ. ಬೇರೆ ದೇಶಗಳಲ್ಲಿ ಎಷ್ಟು ಜನ ಇಂಟರ್ನೆಟ್ ಬಳಸುತ್ತಾರೆ, ನಮ್ಮಲ್ಲಿ ಎಷ್ಟು? ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಅಂಕಿ ಸಿಗುವುದು ಕಷ್ಟವಲ್ಲ. ವಿಶ್ವ ಬ್ಯಾಂಕ್ ಅದನ್ನು ಉಚಿತವಾಗಿ ಕೊಡುತ್ತದೆ. ಮೂಲ ಜಿನೀವಾದಲ್ಲಿರುವ ಐಟಿಯು, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಫೈಲ್ ಇಳಿಸಿಕೊಂಡು ಸರಾಸರಿ ತೆಗೆದೆ. ಆಮೇಲೆ ನೋಡಿದರೆ ದೇಶಗಳ ನಡುವೆಯೇ 'ದಕ್ಷಿಣ ಏಷ್ಯಾ', 'ಜಗತ್ತು' ಅನ್ನೋ ಸಾಲುಗಳೂ ಕೂತಿದ್ದವು! ಜೊತೆಗೆ ಬರುವ ಇನ್ನೊಂದು ಫೈಲ್‌ನಲ್ಲಿ ಇಂಥ ಸಾಲುಗಳ ಮುಂದೆ ಪ್ರದೇಶದ ಹೆಸರು ಖಾಲಿ ಇರುತ್ತದೆ. ಅದನ್ನು ನೋಡಿ ಅವನ್ನೆಲ್ಲ ತೆಗೆದೆ. ಎರಡು ಪಟ್ಟಿ ಜೋಡಿಸುವಾಗ ದೇಶದ ಹೆಸರು ನಂಬಬೇಡಿ. ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಪ್ರತಿ ದೇಶಕ್ಕೂ ಇರುವ ಮೂರಕ್ಷರದ ಕೋಡ್ (ಭಾರತಕ್ಕೆ IND) ಹಿಡಿದು ಜೋಡಿಸಿ.

ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. 'ಬಳಸುವವರು' ಅಂದರೆ ಯಾರು? ಐಟಿಯು ಪ್ರಕಾರ, ಕಳೆದ ಮೂರು ತಿಂಗಳಲ್ಲಿ ಒಮ್ಮೆಯಾದರೂ ಬಳಸಿದವರು. ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳುವುದು ಬೇರೆ: ಎಂದಾದರೂ ಬಳಸಿದ್ದೀರಾ? ಅದೂ 15ರಿಂದ 49 ವರ್ಷದವರ ಲೆಕ್ಕ. 2019-21ರಲ್ಲಿ ಹೆಂಗಸರಲ್ಲಿ ಶೇ. 33.3, ಗಂಡಸರಲ್ಲಿ ಶೇ. 57.1 ಜನ ಹೌದು ಅಂದಿದ್ದರು. ಯುರೋಪಿನ ಅಂಕಿಅಂಶ ಕಚೇರಿ ಯೂರೋಸ್ಟಾಟ್ 16ರಿಂದ 74 ವರ್ಷದವರನ್ನು ಮಾತ್ರ ಹಿಡಿಯುತ್ತದೆ.

ಇದು ತಲೆಗೆ ಹೋಗಲಿ ಅಂತ ನಮ್ಮ ಮನೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡೆ. ಐದು ಜನ. ನಾನು, ಹೆಂಡತಿ, 17ರ ಮಗಳು ದಿನಾ ಬಳಸುತ್ತೇವೆ. ಅಪ್ಪನಿಗೆ 76, ಬಟನ್ ಫೋನ್. ಅಮ್ಮನಿಗೆ 69. ಅಮ್ಮನನ್ನು ಕೇಳಿದೆ.

"ಎಂತ ಕೇಳ್ತೀಯಾ ಅಪ್ಪಿ, ಹೋದ ವರ್ಷ ನಿನ್ನ ಅಕ್ಕನ ಮನೇಲಿ ಫೋನಲ್ಲಿ ಯಕ್ಷಗಾನ ನೋಡಿದ್ನಲ್ಲ!"

ಹೋದ ವರ್ಷ. ಹಾಗಾಗಿ ಮೂರು ತಿಂಗಳ ಲೆಕ್ಕದಲ್ಲಿ ಅಮ್ಮ ಇಲ್ಲ. ಎಲ್ಲರನ್ನೂ ಎಣಿಸಿದರೆ ನಮ್ಮ ಮನೆ ಶೇ. 60. ಯುರೋಪಿನ ವಯಸ್ಸು ಹಿಡಿದರೆ ಅಪ್ಪ ಬಿಟ್ಟುಹೋಗುತ್ತಾರೆ, ಶೇ. 75. ಆರೋಗ್ಯ ಸಮೀಕ್ಷೆಯ ವಯಸ್ಸು ಹಿಡಿದರೆ ಇಬ್ಬರೂ ಬಿಟ್ಟುಹೋಗಿ ಶೇ. 100! ಮನೆ ಒಂದೇ, ಜನ ಅವರೇ. ಸಿಮ್ ಎಣಿಸಿದರೆ ಏಳು, ಅಂದರೆ ನೂರು ಜನಕ್ಕೆ 140. ಅಮ್ಮನ ಹತ್ತಿರ ಫೋನೇ ಇಲ್ಲ.

ರಸ್ತೆಯಿಂದ ಮರದ ಮೇಲೆ ಎಳೆದು ತಂದ ಇಂಟರ್ನೆಟ್ ಕೇಬಲ್ ಒಂದೇ. ನೂರು ಜನಕ್ಕೆ 20 ಆಯಿತು. ದಕ್ಷಿಣ ಕೊರಿಯಾದಲ್ಲಿ ಇದು 40ಕ್ಕಿಂತ ಜಾಸ್ತಿ, ಭಾರತದಲ್ಲಿ 5ಕ್ಕಿಂತ ಕಡಿಮೆ. ಆದರೆ ಮನೆಗೆ ಇಬ್ಬರಿರುವ ಊರಲ್ಲಿ ಎಲ್ಲ ಮನೆಗೂ ಲೈನ್ ಕೊಡಲು 50 ಬೇಕು, ಐವರಿದ್ದರೆ 20 ಸಾಕು. ಹೀಗೆ ಸರಿಪಡಿಸಿದರೂ ಅಂತರ ದೊಡ್ಡದೇ. ಅದನ್ನು ಮುಚ್ಚಿಡಬಾರದು ಅಲ್ವಾ?

ಅರ್ಜಿಗೆ ಕೊನೆಗೆ ಉಳಿಸಿಕೊಂಡಿದ್ದು ಐಟಿಯು 2024ರ ಅಂದಾಜು. ಜಗತ್ತಿನ ಪಟ್ಟಣಗಳಲ್ಲಿ ಶೇ. 83, ಹಳ್ಳಿಗಳಲ್ಲಿ ಶೇ. 48. ದೇಶ ದೇಶದ ಹೋಲಿಕೆಗಿಂತ ನಮ್ಮ ಮಾತನ್ನು ಇದೇ ಚೆನ್ನಾಗಿ ಹೇಳುತ್ತದೆ.

ನಕ್ಷೆಯೂ ಬೇಕಿತ್ತು. ಊಕ್ಲಾ ಸಂಸ್ಥೆ, ಇಂಟರ್ನೆಟ್ ವೇಗ ನೋಡಲು ಜನ ಮಾಡುವ ಸ್ಪೀಡ್ ಟೆಸ್ಟ್‌ಗಳ ಸರಾಸರಿಯನ್ನು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಬಿಟ್ಟುಕೊಡುತ್ತದೆ. ನೆಲವನ್ನು ಸುಮಾರು 600 ಮೀಟರ್ ಚೌಕಗಳಾಗಿ ಹಂಚಿರುತ್ತಾರೆ. ಮೊಬೈಲ್ ನಕ್ಷೆ ತೆರೆದೆ. ಗುಡ್ಡದ ನೆತ್ತಿಯ ಚೌಕದಲ್ಲಿ ಅಂಕಿ ಇತ್ತು. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ ಕೊಡೆ ಹಿಡಿದು ಕೂರುತ್ತಿದ್ದ ಜಾಗ ಅದು. ಕೆಳಗೆ ನಮ್ಮ ಮನೆ, ತೋಟ ಇರುವ ಚೌಕ ಖಾಲಿ. ಸಿಗ್ನಲ್ ಇಲ್ಲದ ಕಡೆ ಮೊಬೈಲ್‌ನಲ್ಲಿ ಟೆಸ್ಟ್ ಶುರುವೇ ಆಗುವುದಿಲ್ಲ.

ಮೊದಲ ವಾರ ದೇಶಗಳ ಪಟ್ಟಿಯ ಖಾಲಿ ಕೋಶಗಳಿಗೆಲ್ಲ ನಾನು ಸುಮ್ನೆ ಸೊನ್ನೆ ತುಂಬಿದ್ದೆ. ಸಮೀಕ್ಷೆ ಆಗದ ದೇಶಗಳು ಪಟ್ಟಿಯ ತಳಕ್ಕೆ ಹೋಗಿದ್ದವು. ಅಂದೇ ಆ ಸೊನ್ನೆಗಳನ್ನೆಲ್ಲ ಅಳಿಸಿದೆ. ನಕ್ಷೆಯಲ್ಲಿ ಖಾಲಿ ಚೌಕಗಳಿಗೆ ಬೂದು ಬಣ್ಣ ಹಚ್ಚಿ, ಅವುಗಳಲ್ಲಿರುವ ಮನೆಗಳನ್ನು ಮಗಳ ಜೊತೆ ನಡೆದೇ ಎಣಿಸಿ ಬರೆದೆ.