ಬೀಟಿಗೆ ಕೊರಳು ಹೊಂದಿಸುವುದು: ಎಲೆಕ್ಟ್ರಾನಿಕ್ ಪ್ರೊಡ್ಯೂಸರ್ ಮತ್ತು ರಾಕ್ ಗಾಯಕ ಸೇರಿ ಹಾಡು ಕಟ್ಟುವ ಬಗೆ

ದಾವಣಗೆರೆಯ ಒಂದು ಚಿಕ್ಕ ಕೋಣೆಯಲ್ಲಿ ಕುಳಿತು ನಾನು ಲ್ಯಾಪ್‌ಟಾಪಿನಲ್ಲಿ ನೃತ್ಯಸಂಗೀತ ಕಟ್ಟುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಗಾಯಕರು ಸುಮಾರು 60 ಕಿಲೋಮೀಟರ್ ಆಚೆ ಚಿತ್ರದುರ್ಗದಲ್ಲಿದ್ದಾರೆ. ಗಿಟಾರ್ ಹಿಡಿದು ರಾಕ್ ಹಾಡುತ್ತಲೇ ಬೆಳೆದವರು. ನಮ್ಮ ಮೊದಲ ಹಾಡು ಕೈಗೂಡಲಿಲ್ಲ. ಕಿಕ್ (ತಾಳದ ದಪ್ಪ ಡ್ರಮ್ ಪೆಟ್ಟು), ಬೇಸ್ (ತಗ್ಗಿನ ಸ್ವರಗಳು), ಸಿಂಥ್ (ಯಂತ್ರದಲ್ಲಿ ಹುಟ್ಟಿಸುವ ಸ್ವರ), ಡ್ರಾಪ್ (ಬೀಟ್ ಪೂರ್ತಿ ಬಲದಿಂದ ಬಂದಪ್ಪಳಿಸುವ ಘಟ್ಟ) ಎಲ್ಲವನ್ನೂ ಮೊದಲೇ ಮುಗಿಸಿ, ಉಳಿದ ಜಾಗದಲ್ಲಿ ಹಾಡಿಬಿಡಿ ಎಂದು ಅವರಿಗೆ ಕಳುಹಿಸಿದ್ದೆ. ಅವರು ಶ್ರದ್ಧೆಯಿಂದ ಹಾಡಿದರೂ, ತುಂಬಿದ ಬಸ್ಸಿನಲ್ಲಿ ಕೊನೆಗೆ ಹತ್ತಿದವರಂತೆ ಆ ಧ್ವನಿ ಬಾಗಿಲಲ್ಲೇ ನಿಂತಿತ್ತು. ಎರಡನೆಯ ಹಾಡನ್ನು ಅವರ ಕೊರಳಿನಿಂದ ಆರಂಭಿಸಿದೆವು. ಈ ಬರಹದಲ್ಲಿ ಹೇಳುವ ಕ್ರಮವೆಲ್ಲ ಆ ಬದಲಾವಣೆಯಿಂದ ಹುಟ್ಟಿದ್ದು.

ಈ ಬಗೆಯ ಜೊತೆಗಾರಿಕೆ ಹೊಸದೇನಲ್ಲ. 1980ರಲ್ಲಿ ಡಿಸ್ಕೊ ಸಂಗೀತದ ದೊಡ್ಡ ಹೆಸರಾಗಿದ್ದ ಜಾರ್ಜಿಯೊ ಮೊರೊಡರ್ ಮತ್ತು ಬ್ಲಾಂಡಿ ಎಂಬ ರಾಕ್ ತಂಡದ ಗಾಯಕಿ ಡೆಬಿ ಹ್ಯಾರಿ ಸೇರಿ ಮಾಡಿದ ಹಾಡು ಅಮೆರಿಕದ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. 1996ರಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಕೆಮಿಕಲ್ ಬ್ರದರ್ಸ್ ಜೋಡಿಯ ಟ್ರ್ಯಾಕಿಗೆ ಒಯಾಸಿಸ್ ಎಂಬ ರಾಕ್ ತಂಡದ ನೋಯೆಲ್ ಗ್ಯಾಲಘರ್ ಹಾಡಿದ್ದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಮೊರೊಡರ್ ತಮ್ಮ ವಾದ್ಯಸಂಗೀತವನ್ನು ಮೊದಲೇ ಮಾಡಿಕೊಂಡಿದ್ದರು ನಿಜ. ಆದರೆ ಅದರ ಮೇಲಿನ ರಾಗವನ್ನೂ ಸಾಹಿತ್ಯವನ್ನೂ ಕಟ್ಟುವ ಕೆಲಸವನ್ನು ಗಾಯಕಿಗೇ ಬಿಟ್ಟುಕೊಟ್ಟಿದ್ದರು. ನೀವು ಟ್ರ್ಯಾಕ್ ಕಟ್ಟುವ ಪ್ರೊಡ್ಯೂಸರ್ ಆಗಿದ್ದರೆ ಕನಿಷ್ಠ ಅಷ್ಟನ್ನಾದರೂ ಬಿಟ್ಟುಕೊಡಬೇಕು.

ಮೊದಲ ಭೇಟಿಗೆ ಲ್ಯಾಪ್‌ಟಾಪ್ ತೆರೆಯಬೇಡಿ. ಗಾಯಕರು ತಮಗಿಷ್ಟವಾದದ್ದನ್ನು ಗಿಟಾರ್ ಜೊತೆ ಹಾಡಲಿ, ನೀವು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನೀವು ಅಲ್ಲಿ ಗಮನಿಸಬೇಕಾದದ್ದು ಮೂರು ಸ್ವರಗಳನ್ನು: ಮಾತಿನಂತೆ ಸಲೀಸಾಗಿ ಹಾಡುವ ಸ್ವರ, ಕೊರಳು ಬಿರಿದು ಕಾವೇರುವ ಸ್ವರ, ಮತ್ತು ಇನ್ನು ಮೇಲಕ್ಕೆ ಹೋಗಲಾರದ ಸ್ವರ. ಪಲ್ಲವಿಯ ಅತಿ ಎತ್ತರದ ಸ್ವರವನ್ನು ಎರಡನೆಯದರ ಸಮೀಪಕ್ಕೆ ಇಡಿ, ಮೂರನೆಯದಕ್ಕಿಂತ ಒಂದು ಸ್ವರವಾದರೂ ಕೆಳಗಿರಲಿ. ಶ್ರುತಿಯ ವಿಷಯದಲ್ಲಿ ಇಬ್ಬರಿಗೂ ಎಳೆದಾಟ ಬರುವುದು ಇಲ್ಲಿಯೇ. ನೃತ್ಯಸಂಗೀತದವರು ಎಫ್, ಜಿ ಶ್ರುತಿಗಳನ್ನು ಇಷ್ಟಪಡುವುದಕ್ಕೆ ಕಾರಣವಿದೆ. ಬೇಸಿನ ಮೂಲಸ್ವರ ಆಗ 44 ಅಥವಾ 49 ಹರ್ಟ್ಸ್‌ನಲ್ಲಿ ಬಂದು ದೊಡ್ಡ ಸ್ಪೀಕರಿನಲ್ಲಿ ಎದೆಗೆ ತಟ್ಟುತ್ತದೆ. ಸಿ ಶ್ರುತಿಗೆ ಹೋದರೆ ಅದು 33ಕ್ಕೆ ಇಳಿದು ಹಲವು ಸ್ಪೀಕರುಗಳಲ್ಲಿ ಕಿವಿಗೆ ಸಿಗದಂತಾಗುತ್ತದೆ, ಇಲ್ಲವೇ 65ಕ್ಕೆ ಏರಿ ತೂಕ ಕಳೆದುಕೊಳ್ಳುತ್ತದೆ. ಹಾಗಿದ್ದರೂ ಗೆಲ್ಲಬೇಕಾದದ್ದು ಗಾಯಕರ ಶ್ರುತಿಯೇ, ಏಕೆಂದರೆ ಬೇಸಿನ ಸ್ವರವಿನ್ಯಾಸವನ್ನು ಬದಲಿಸಿ ಆ ತೊಡಕನ್ನು ನಿವಾರಿಸಬಹುದು, ಕೊರಳನ್ನು ಬದಲಿಸಲು ಬರುವುದಿಲ್ಲ. ರೆಕಾರ್ಡ್ ಆದ ಧ್ವನಿಯನ್ನು ಕಂಪ್ಯೂಟರಿನಲ್ಲಿ ಎರಡು ಮೂರು ಅರೆಸ್ವರಗಳಿಗಿಂತ ಹೆಚ್ಚು ಏರಿಸಿದರೆ ಅಥವಾ ಇಳಿಸಿದರೆ ಮನುಷ್ಯರ ಧ್ವನಿಯ ಗುಣವೇ ಮಾಯವಾಗುತ್ತದೆ. ಆದ್ದರಿಂದ ಶ್ರುತಿಯನ್ನು ಹಾಡುವ ಮೊದಲೇ ತೀರ್ಮಾನಿಸಿ.

ವೇಗದ ಲೆಕ್ಕ ಸುಲಭ. ಹೌಸ್ ಎಂಬ ನೃತ್ಯಸಂಗೀತ ನಿಮಿಷಕ್ಕೆ 120ರಿಂದ 130 ಬೀಟುಗಳ ನಡುವೆ ನಡೆಯುತ್ತದೆ. 128 ಎಂದಿಟ್ಟುಕೊಂಡರೆ 16 ಬಾರ್‌ಗಳಿಗೆ (ಬಾರ್ ಎಂದರೆ ನಾಲ್ಕು ಬೀಟುಗಳ ಒಂದು ಆವರ್ತ) ಸರಿಯಾಗಿ 30 ಸೆಕೆಂಡು ಹಿಡಿಯುತ್ತದೆ. ಗಾಯಕರ ಹಾಡು ನಿಧಾನದ್ದಾಗಿ 87ರ ಆಸುಪಾಸಿನಲ್ಲಿದ್ದರೆ ಅದನ್ನು ಓಡಿಸಬೇಡಿ. ಅದರ ಇಮ್ಮಡಿ 174, ಅಂದರೆ ಡ್ರಮ್ ಆ್ಯಂಡ್ ಬೇಸ್ ಎಂಬ ಬಿರುಸಿನ ನೃತ್ಯಸಂಗೀತದ ವೇಗ. ಹಾಡಿನ ಒಂದು ಅಕ್ಷರವನ್ನೂ ಅಲುಗಿಸದೆ ಕೆಳಗಿನ ಡ್ರಮ್ ಮಾತ್ರ ಎರಡರಷ್ಟು ಓಡಬಹುದು.

ಇನ್ನು ಸಾಹಿತ್ಯ. ಕನ್ನಡದಲ್ಲಿ ಈ ಕೆಲಸ ಮಾಡುವವರು ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲೆಯಲ್ಲಿ ಕಲಿತ ಮಾತ್ರೆಯ ಲೆಕ್ಕ, ಅಂದರೆ ಲಘುವಿಗೆ ಒಂದು ಗುರುವಿಗೆ ಎರಡು ಎಂಬ ಲೆಕ್ಕ, ನೃತ್ಯಸಂಗೀತದ ಚೌಕಗಳಿಗೆ ಅಚ್ಚುಕಟ್ಟಾಗಿ ಕೂರುತ್ತದೆ. ಮಂದಾನಿಲ ರಗಳೆಯ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳಿರುತ್ತವೆ. ‘ಕೋಟೆಯ ಕಲ್ಲಲಿ ಗಾಳಿಯು ಹಾಡಿದೆ’ ಎಂಬ ಸಾಲನ್ನು ತೆಗೆದುಕೊಳ್ಳಿ: ಹದಿನಾರು ಮಾತ್ರೆ. ಒಂದು ಬೀಟಿಗೆ ಎರಡು ಮಾತ್ರೆಯಂತೆ ಹಾಡಿದರೆ ಸಾಲು ಎರಡು ಬಾರ್‌ಗಳಲ್ಲಿ ಮುಗಿಯುತ್ತದೆ, ಪ್ರತಿ ಗಣದ ಮೊದಲ ಅಕ್ಷರ ಕಿಕ್ ಮೇಲೆಯೇ ಬೀಳುತ್ತದೆ. ಒಂದು ಬೀಟಿಗೆ ನಾಲ್ಕು ಮಾತ್ರೆ ತುರುಕಿದರೆ 128ರ ವೇಗದಲ್ಲಿ ಒಂದು ಮಾತ್ರೆಗೆ ಸೆಕೆಂಡಿನ ಎಂಟನೆಯ ಒಂದು ಭಾಗಕ್ಕಿಂತಲೂ ಕಡಿಮೆ ಕಾಲ ಸಿಗುತ್ತದೆ; ರ‍್ಯಾಪ್‌ಗೆ ಅದು ಒಗ್ಗಬಹುದು, ಕೊರಳು ತೆರೆದು ಹಾಡುವವರಿಗೆ ಉಸಿರಿಗೂ ಜಾಗವಿರುವುದಿಲ್ಲ.

‘ದುರ್ಗದಾ ಗಾಳಿಯಲಿ ತೇಲುತಿದೆ ಹಾಡೊಂದು’ ಎಂದು ಐದು ಮಾತ್ರೆಯ ಗಣಗಳಲ್ಲಿ ಬರೆದರೆ ಕಥೆಯೇ ಬೇರೆ. ಲಲಿತ ರಗಳೆಯ ಇಪ್ಪತ್ತು ಮಾತ್ರೆಗಳು ಎರಡೂವರೆ ಬಾರ್ ಆಗುತ್ತವೆ, ಗಣದ ಮೊದಲ ಅಕ್ಷರ ಒಮ್ಮೆ ಬೀಟಿನ ಮೇಲೆ, ಮರುಸಲ ಬೀಟಿನ ನಡುವೆ ಬೀಳುತ್ತದೆ. ಚರಣದಲ್ಲಿ ಈ ಜಾರುವಿಕೆ ಸೊಗಸಾಗಿ ಕೇಳಿಸುತ್ತದೆ, ಆದರೆ ಕುಣಿಯುವವರು ಜೊತೆಗೂಡಿ ಕೂಗಬೇಕಾದ ಪಲ್ಲವಿಗೆ ಅದನ್ನು ಬಳಸಬೇಡಿ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಸಣ್ಣ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಸೇರಿ ಹದಿನಾಲ್ಕು ಮಾತ್ರೆಗಳಿರುತ್ತವೆ. ಕೊನೆಗೆ ಎರಡು ಮಾತ್ರೆ ಮೌನ ಬಿಟ್ಟರೆ ಅದೂ ಹದಿನಾರಕ್ಕೆ ಕೂಡುತ್ತದೆ, ಆ ಮೌನದಲ್ಲಿ ಗಾಯಕರು ಉಸಿರು ತೆಗೆದುಕೊಳ್ಳುತ್ತಾರೆ.

ಮತ್ತೊಂದು ಎಚ್ಚರ ಬೇಕು. ರಾಕ್ ಗಾಯಕರು ಪಲ್ಲವಿಯ ತುದಿಯಲ್ಲಿ ಸ್ವರವನ್ನು ಉದ್ದಕ್ಕೆ ಎಳೆಯುತ್ತಾರೆ, ಅದು ಆ ಶೈಲಿಯ ಜೀವ. ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ ಅರ್ಥವೇ ಬದಲಾಗುವುದರಿಂದ ಪದದ ಮೊದಲ ಅಕ್ಷರವನ್ನು ಎಳೆದರೆ ‘ಮನ’ ಎಂಬುದು ‘ಮಾನ’ವಾಗುತ್ತದೆ, ‘ಬಳೆ’ ಹೋಗಿ ‘ಬಾಳೆ’ ಬರುತ್ತದೆ, ‘ನಡು’ ಎಂಬುದು ‘ನಾಡು’ ಎಂದು ಕೇಳಿಸುತ್ತದೆ. ಎಳೆಯಬೇಕಾದ ಸ್ವರದ ಜಾಗಕ್ಕೆ ಸಹಜವಾಗಿಯೇ ದೀರ್ಘವಿರುವ ಅಕ್ಷರವನ್ನು ತನ್ನಿ, ಅದು ಸಾಧ್ಯವಾಗದಿದ್ದರೆ ಪದದ ಕೊನೆಯ ಅಕ್ಷರವನ್ನು ಎಳೆಯಿರಿ. ಡ್ರಾಪ್‌ಗಾಗಿ ಧ್ವನಿಯನ್ನು ತುಂಡರಿಸುವಾಗಲೂ ಹೀಗೆಯೇ. ಅರ್ಧ ಪದವನ್ನು ಲೂಪ್ ಮಾಡಿ ಮತ್ತೆ ಮತ್ತೆ ನುಡಿಸಿದರೆ ಅದು ಮತ್ತೇನೋ ಆಗಿ ಕೇಳಿಸುತ್ತಿಲ್ಲವೇ ಎಂದು ಹಾಡಿನ ಪರಿಚಯವಿಲ್ಲದ ಒಬ್ಬರಿಗೆ ಕೇಳಿಸಿ ನೋಡಿ.

ಮೈಕ್ ಹಿಡಿಯುವ ಮೊದಲು ಕಾಗದದ ಕೆಲಸ ಮುಗಿಸಿ. ಗೆಳೆಯರ ನಡುವೆ ಇದೆಲ್ಲ ಏಕೆ ಎನ್ನಿಸುವುದು ಸಹಜ, ಆದರೆ ಸ್ನೇಹ ಉಳಿಯಬೇಕೆಂದೇ ಇದನ್ನು ಹೇಳುತ್ತಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಸೀಮಿತ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಸಾಹಿತ್ಯ, ರಾಗ, ಧ್ವನಿಮುದ್ರಣ ಈ ಮೂರೂ ಬೇರೆ ಬೇರೆ ಹಕ್ಕುಗಳು, ಮತ್ತು 2012ರ ತಿದ್ದುಪಡಿಯ ನಂತರ ಹಾಡಿದವರಿಗೂ ರಾಯಲ್ಟಿಯ ಹಕ್ಕು ಸ್ಪಷ್ಟವಾಗಿದೆ. ಯಾರ ಪಾಲು ಎಷ್ಟು, ಹೆಸರು ಯಾವ ಕ್ರಮದಲ್ಲಿ, ಗಾಯಕರ ಧ್ವನಿಯ ತುಣುಕನ್ನು ಬೇರೆ ಟ್ರ್ಯಾಕಿನಲ್ಲಿ ಬಳಸಬಹುದೇ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಂದಿನ ಮನಸ್ತಾಪ ತಪ್ಪುತ್ತದೆ.

ರೆಕಾರ್ಡಿಂಗಿಗೆ ದೊಡ್ಡ ಸ್ಟುಡಿಯೊ ಬೇಕಾಗಿಲ್ಲ. ಹಾಡುವವರ ಹಿಂದೆ ಮತ್ತು ಎರಡೂ ಪಕ್ಕಗಳಲ್ಲಿ ದಪ್ಪನೆಯ ಕೌದಿಗಳನ್ನು ತೂಗುಹಾಕಿದರೆ ಗೋಡೆಯ ಮರುದನಿ ಗಮನಾರ್ಹವಾಗಿ ತಗ್ಗುತ್ತದೆ. ಅರಳೆಯ ಹಾಸಿಗೆಯನ್ನು ನಿಲ್ಲಿಸಿಟ್ಟರೆ ಇನ್ನೂ ಒಳ್ಳೆಯದು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಫ್ಯಾನ್ ಆರಿಸಿ ಹಾಡುವುದು ಶಿಕ್ಷೆಯೇ ಸರಿ, ಆದ್ದರಿಂದ ನಾವು ಬೆಳಗಿನ ಜಾವ ಐದಕ್ಕೆ ಕೂರುತ್ತೇವೆ. ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದ ಗುಡ್ಡಗಳ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುತ್ತದೆ, ಅದಕ್ಕೂ ಬಟ್ಟೆ ತುರುಕಬೇಕಾಗುತ್ತದೆ. ಇಂಥ ಕೋಣೆಗೆ ದೂರದ ಸದ್ದನ್ನು ಕಡಿಮೆ ಹಿಡಿಯುವ ಡೈನಮಿಕ್ ಮೈಕ್ ಒಳ್ಳೆಯದು. ಕಂಡೆನ್ಸರ್ ಮೈಕ್ ಸೂಕ್ಷ್ಮವಾಗಿದ್ದು ಮೈಕಿನ ತಂತಿಯಲ್ಲೇ ಹರಿಸುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಬೇಡುವುದಲ್ಲದೆ ಬೀದಿಯ ಆಟೊ ಸದ್ದನ್ನೂ ಹಿಡಿಯುತ್ತದೆ.

ದಾವಣಗೆರೆ ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕಂಪನಿ ನಾಟಕಗಳ ಊರು. ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಕೊರಳು ಮುಟ್ಟಿಸುತ್ತಿದ್ದ ರಂಗಗೀತೆಗಳ ಪರಂಪರೆ ನಮ್ಮ ಹಿಂದಿದೆ. ರಾಕ್ ಗಾಯಕರ ಬಲವೂ ಅದೇ ಬಗೆಯದು, ಅದನ್ನು ಕುಗ್ಗಿಸಬೇಡಿ. ಕೂಗಿ ಹಾಡುವಾಗ ಮೈಕಿನಿಂದ ಒಂದು ಗೇಣು, ಪಿಸುಗುಟ್ಟುವಾಗ ನಾಲ್ಕು ಬೆರಳು ದೂರವಿರಲಿ. ಅತಿ ಜೋರಿನ ಕಡೆ ಮೀಟರ್ ಮೈನಸ್ 6 ಡೆಸಿಬಲ್ ದಾಟದಂತೆ ನೋಡಿಕೊಂಡು 24 ಬಿಟ್‌ನಲ್ಲಿ ಹಿಡಿಯಿರಿ. ಹೆಡ್‌ಫೋನಿನಲ್ಲಿ ಅವರ ಧ್ವನಿ ತಡವಾಗಿ ಕೇಳಿಸಿದರೆ ತಾಳ ಕೆಡುತ್ತದೆ. ಬಫರನ್ನು (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಧ್ವನಿಯ ಪ್ರಮಾಣ) 128 ಸ್ಯಾಂಪಲ್‌ಗೆ ಇಳಿಸಿ ಅಥವಾ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸಿನ ನೇರ ಮಾನಿಟರಿಂಗ್ ಬಳಸಿ, ಆಗ ಧ್ವನಿ ಲ್ಯಾಪ್‌ಟಾಪನ್ನು ಸುತ್ತಿ ಬರದೆ ನೇರವಾಗಿ ಕಿವಿಗೆ ಬರುತ್ತದೆ. ತಾಳ ತೋರಿಸುವ ಕ್ಲಿಕ್ ಸದ್ದಿನ ಬದಲು ಸರಳವಾದ ಡ್ರಮ್ ಮತ್ತು ಒಂದು ಗಿಟಾರ್ ಮಾತ್ರ ಕೊಡಿ, ಏಕೆಂದರೆ ಬ್ಯಾಂಡಿನ ಜೊತೆ ಹಾಡಿ ರೂಢಿಯಾದವರಿಗೆ ಒಣ ಕ್ಲಿಕ್‌ನಲ್ಲಿ ಆವೇಶ ಬರುವುದಿಲ್ಲ. ಇಡೀ ಹಾಡನ್ನು ಮೂರು ನಾಲ್ಕು ಸಲ ನಿಲ್ಲದೆ ಹಾಡಿಸಿ, ತುಂಡು ತುಂಡಾಗಿ ತಿದ್ದುವುದು ಆಮೇಲೆ.

ಈಗ ಲ್ಯಾಪ್‌ಟಾಪ್ ತೆರೆಯಿರಿ. ಕೈಯಲ್ಲಿ ಧ್ವನಿಯಿದೆ, ಅದರ ಸುತ್ತ ಟ್ರ್ಯಾಕ್ ಕಟ್ಟಬೇಕು. ರಾಕ್ ಹಾಡಿನ ಶಿಖರ ಪಲ್ಲವಿ, ನೃತ್ಯಸಂಗೀತದ ಶಿಖರ ಡ್ರಾಪ್. ಎರಡನ್ನೂ ಒಂದರ ಹಿಂದೊಂದು ಅಷ್ಟೇ ಎತ್ತರಕ್ಕೆ ನಿಲ್ಲಿಸಿದರೆ ಎರಡೂ ಗಿಡ್ಡವಾಗುತ್ತವೆ. ನಾವು ಮೊದಲ ಪಲ್ಲವಿಯನ್ನು ಕಿಕ್ ಇಲ್ಲದೆ, ಬರೀ ಗಿಟಾರ್ ಮತ್ತು ಒಂದು ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸಿಂಥ್ ಸ್ವರ) ಮೇಲೆ ಹಾಡಿಸಿ, ಅದರ ಕೊನೆಯ ಎರಡು ಪದಗಳನ್ನು ತುಂಡರಿಸಿ ಡ್ರಾಪ್‌ನ ರಾಗವಾಗಿ ಬಳಸುತ್ತೇವೆ. ಎರಡನೆಯ ಸಲ ಪೂರ್ಣ ಪಲ್ಲವಿಯೇ ಡ್ರಾಪ್ ಮೇಲೆ ಬರುತ್ತದೆ. ಆಗ ಕೇಳುಗರಿಗೆ ರಾಗ ಗೊತ್ತಿರುತ್ತದೆ, ದೇಹಕ್ಕೆ ಬೀಟ್ ಗೊತ್ತಿರುತ್ತದೆ. ಅವರ ಧ್ವನಿ ಬೀಟಿಗಿಂತ ಕೂದಲೆಳೆಯಷ್ಟು ಹಿಂದೆ ಬಿದ್ದ ಕಡೆಗಳನ್ನೆಲ್ಲ ಎಳೆದು ಗೆರೆಗೆ ಕೂರಿಸಬೇಡಿ. ಯಂತ್ರದ ಕಿಕ್ ಕದಲದೆ ನಿಂತಿರುವುದರಿಂದಲೇ ಆ ಸಣ್ಣ ತಡದಲ್ಲಿ ಮನುಷ್ಯರು ಕೇಳಿಸುತ್ತಾರೆ.

ಮಿಕ್ಸಿಂಗ್‌ನಲ್ಲಿ ಮುಖ್ಯ ಜಗಳ 2ರಿಂದ 4 ಕಿಲೋಹರ್ಟ್ಸ್ ನಡುವಿನದು. ಗಡಸು ಧ್ವನಿಯ ಕಾವೂ ಸಿಂಥ್‌ನ ಹರಿತವೂ ಅಲ್ಲೇ ಇರುತ್ತವೆ, ಆದ್ದರಿಂದ ಹಾಡುವಾಗ ಸಿಂಥ್‌ನ ಮುಖ್ಯ ರಾಗವನ್ನು ನಿಲ್ಲಿಸುವುದೇ ಈಕ್ಯೂನಿಂದ ಆ ಭಾಗವನ್ನು ತಗ್ಗಿಸುವುದಕ್ಕಿಂತ ಒಳ್ಳೆಯ ಪರಿಹಾರ. ಧ್ವನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಜೋರು ಮೆಲ್ಲಗಿನ ಅಂತರವನ್ನು ತಗ್ಗಿಸುವ ಕಂಪ್ರೆಸರ್ ಒಂದನ್ನೇ ಬಿಗಿಯಾಗಿ ಹಾಕುವ ಬದಲು ಎರಡನ್ನು ಹಗುರವಾಗಿ ಹಾಕಿ. ಬೇಸ್ ಮತ್ತು ಪ್ಯಾಡ್ ಕಿಕ್ ಬಿದ್ದಾಗ ತಗ್ಗುವಂತೆ ಸೈಡ್‌ಚೈನ್ ಮಾಡಿ, ಧ್ವನಿಗೆ ಅದನ್ನು ತಾಗಿಸಬೇಡಿ. ಊರಿಂದೂರಿಗೆ ಫೈಲ್ ಕಳುಹಿಸುವಾಗ ಎಲ್ಲ ಟ್ರ್ಯಾಕ್‌ಗಳೂ ಮೊದಲ ಬಾರ್‌ನಿಂದಲೇ ಆರಂಭವಾಗುವ ವೇವ್ ಫೈಲ್‌ಗಳಾಗಿರಲಿ, ವಾಟ್ಸ್ಆ್ಯಪ್‌ನಲ್ಲಿ ಆಡಿಯೊ ಆಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಹೋಗಲಿ.

ವೇದಿಕೆಯ ಮೇಲೆ ಹಾಡುವುದಾದರೆ ಟ್ರ್ಯಾಕಿನಲ್ಲಿರುವ ಮುಖ್ಯ ಧ್ವನಿಯನ್ನು ಪೂರ್ತಿ ತೆಗೆದುಬಿಡಿ. ತುಂಡರಿಸಿದ ಧ್ವನಿಗಳು ಮಾತ್ರ ಉಳಿಯಲಿ. ಗಾಯಕರ ಕಿವಿಗೆ ಕಿಕ್ ಮತ್ತು ಶ್ರುತಿ ಸ್ಪಷ್ಟವಾಗಿ ಕೇಳಿಸುವಂತೆ ಇಯರ್‌ಫೋನ್ ಕೊಡಿ, ದೊಡ್ಡ ಸ್ಪೀಕರಿನಿಂದ ಮರಳಿ ಬರುವ ಸದ್ದನ್ನು ನಂಬಿ ಹಾಡಿದರೆ ತಾಳ ತಪ್ಪುವುದು ಖಂಡಿತ. ಕರೆಂಟ್ ಹೋದರೆ ಜನರೇಟರ್ ಹತ್ತುವವರೆಗಿನ ಕೆಲವು ಸೆಕೆಂಡುಗಳಿಗಾಗಿ ಇಂಟರ್‌ಫೇಸ್ ಮತ್ತು ಲ್ಯಾಪ್‌ಟಾಪನ್ನು ಯುಪಿಎಸ್‌ಗೆ ಜೋಡಿಸಿಡಿ, ಮತ್ತು ಬೀಟ್ ನಿಂತರೆ ಯಾವ ಸಾಲಿನಿಂದ ಗಾಯಕರು ಒಂದೇ ಗಿಟಾರ್‌ನಲ್ಲಿ ಮುಂದುವರಿಸುತ್ತಾರೆ ಎಂಬುದನ್ನು ಇಬ್ಬರೂ ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಿ.