ಕಡಿಮೆ ದುಡ್ಡಿಗೆ ಒಳ್ಳೆಯ ತೋಟೆ ಕೋವಿ: ಹಳೆಯದನ್ನು ಕೊಳ್ಳುವ ಮುನ್ನ

ಆಟೋಮ್ಯಾಟಿಕ್ ಕೋವಿ ಬೇಕು ಎಂದು ವಿಚಾರಿಸುವವರು ಮೊದಲು ಒಂದು ವಿಷಯ ತಿಳಿದಿರಬೇಕು. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುವ ಆಯುಧ ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. 1959ರ ಆಯುಧ ಕಾಯ್ದೆ ಅದನ್ನು ನಿಷೇಧಿತ ಆಯುಧ ಎಂದು ಬೇರೆಯೇ ಇಟ್ಟಿದೆ. ಊರಲ್ಲಿ ಕೆಲವರು ಆಟೋಮ್ಯಾಟಿಕ್ ಎಂದು ಕರೆಯುವ ಪಂಪ್ ಆಕ್ಷನ್ ಕೋವಿಯೂ ಆಟೋಮ್ಯಾಟಿಕ್ ಅಲ್ಲ. ಪ್ರತಿ ಈಡಿಗೂ ಮುಂದಿನ ಹಿಡಿಯನ್ನು ಕೈಯಿಂದ ಎಳೆದು ತಳ್ಳಲೇಬೇಕು. ತೋಟ ಕಾಯಲು ಲೈಸೆನ್ಸ್ ಪಡೆದವರಿಗೆ, ಕೈಯಲ್ಲಿರುವ ದುಡ್ಡಿಗೆ ಹೊಂದುವುದು 12 ಬೋರಿನ ತೋಟೆ ಕೋವಿ, ಅಂದರೆ ಚರೆ ತುಂಬಿದ ತೋಟೆ (ಕಾರ್ಟ್ರಿಜ್) ಹಾಕಿ ಹೊಡೆಯುವ ಕೋವಿ. ಅದರಲ್ಲೂ ಹೊಸದಕ್ಕಿಂತ ಚೆನ್ನಾಗಿಟ್ಟುಕೊಂಡ ಹಳೆಯದು.

ಒಂಟಿ ನಳಿಗೆಯೋ ಜೋಡಿ ನಳಿಗೆಯೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ದುಡ್ಡು ನಿಜಕ್ಕೂ ಕಡಿಮೆಯಿದ್ದರೆ ಒಂಟಿ ನಳಿಗೆಯದೇ ಸರಿ. ಒಂದು ಸ್ಪ್ರಿಂಗು, ಒಂದು ಪಿನ್ನು, ಒಂದು ಟ್ರಿಗರ್. ಕೆಡುವ ಭಾಗಗಳೇ ಕಡಿಮೆ. ಸಡಿಲವಾದ ಜೋಡಿ ನಳಿಗೆಗಿಂತ ಗಟ್ಟಿಯಾದ ಒಂಟಿ ನಳಿಗೆ ಎಷ್ಟೋ ಮೇಲು. ಪಂಪ್ ಆಕ್ಷನ್ನಿನಲ್ಲಿ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯದಿದ್ದರೆ ಖಾಲಿ ತೋಟೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿದ ಕಾಗದದ ತೋಟೆ ಹಾಕಿದರಂತೂ ಹೇಳುವುದೇ ಬೇಡ. ಕೇಪಿನ ಕೋವಿ ಅಗ್ಗ, ಆದರೆ ಮಲೆನಾಡಿನ ಮಳೆಯಲ್ಲಿ ಮದ್ದು ಒಣಗಿರುವಂತೆ ಕಾಪಾಡುವುದು ಕಷ್ಟ. ನಳಿಗೆಯ ಬಾಯಿಯಿಂದ ಮದ್ದು ತುಂಬುವುದೂ ಅಪಾಯದ ಕೆಲಸ.

ಕೋವಿ ಕೈಗೆ ಬಂದ ಕೂಡಲೇ ಬಿಚ್ಚಿ, ತೋಟೆ ಕೂರುವ ಗೂಡು ಖಾಲಿ ಇದೆಯೇ ನೋಡಿ. ಮಾರುವವರು ನೋಡಿದ್ದೇನೆ ಎಂದರೂ ನೀವು ಮತ್ತೆ ನೋಡಿ.

ಆಮೇಲೆ ಸಡಿಲು. ಇದನ್ನು ಉಳಿದೆಲ್ಲಕ್ಕಿಂತ ಮೊದಲು ನೋಡುವುದು ಏಕೆಂದರೆ ಇದರ ರಿಪೇರಿಯೇ ದುಬಾರಿ. ನಳಿಗೆಯ ಕೆಳಗಿನ ಮುಂದಿನ ಮರವನ್ನು ಕಳಚಿ. ಅದು ಕೂತಿದ್ದರೆ ಅದರ ಸ್ಪ್ರಿಂಗು ನಳಿಗೆಯನ್ನು ಬಿಗಿಯಾಗಿ ಒತ್ತಿ ಹಿಡಿದು ಸವೆತವನ್ನು ಮುಚ್ಚಿಬಿಡುತ್ತದೆ. ಮರ ಕಳಚಿದ ಮೇಲೆ ಕೋವಿ ಮುಚ್ಚಿ, ಒಂದು ಕೈಯಲ್ಲಿ ಹಿಂದಿನ ಮರದ ಕುತ್ತಿಗೆ, ಇನ್ನೊಂದು ಕೈಯಲ್ಲಿ ನಳಿಗೆ ಹಿಡಿದು ಎಡಬಲಕ್ಕೂ ಮೇಲೆ ಕೆಳಗೂ ಅಲುಗಿಸಿ. ಟಕ್ ಎಂಬ ಸಣ್ಣ ಸದ್ದು, ಬೆರಳಿಗೆ ತಾಗುವ ಸಣ್ಣ ಅಲುಗಾಟ ಇದ್ದರೂ ಕೊಂಡಿ ಸವೆದಿದೆ ಎಂದರ್ಥ. ಹಾಗೇ ಬೆಳಕಿಗೆ ಅಡ್ಡವಾಗಿ ಹಿಡಿದು, ನಳಿಗೆಯ ಹಿಂತುದಿಯೂ ಆಕ್ಷನ್ನಿನ (ನಳಿಗೆ ಬಂದು ಕೂರುವ, ಕೋವಿಯ ನಡುವಿನ ಲೋಹದ ಭಾಗದ) ಮುಖವೂ ಸೇರುವ ಜಾಗ ನೋಡಿ. ಕೂದಲೆಳೆಯಷ್ಟು ಬೆಳಕು ಕಂಡರೂ ಆ ಕೋವಿ ಬೇಡ. ಬಲಕ್ಕೆ ತಳ್ಳಿ ಬಿಚ್ಚುವ ಮೇಲಿನ ಸನ್ನೆ ಮುಚ್ಚಿದಾಗ ನಟ್ಟನಡುವೆ ಅಥವಾ ತುಸು ಬಲಕ್ಕೆ ನಿಲ್ಲಬೇಕು. ನಡು ದಾಟಿ ಎಡಕ್ಕೆ ಹೋಗಿದ್ದರೆ ಒಳಗಿನ ಬೀಗ ಸವೆದಿದೆ.

ಈಗ ನಳಿಗೆಯನ್ನೇ ಬೇರೆ ಮಾಡಿ, ಒಳಗೆ ಎಣ್ಣೆಯಿದ್ದರೆ ಒಣ ಬಟ್ಟೆ ಎಳೆದು ಒರೆಸಿ. ಎಣ್ಣೆಯ ಹೊಳಪು ತುಕ್ಕಿನ ಗುಳಿಗಳನ್ನು ಮರೆಮಾಡುತ್ತದೆ. ಕಿಟಕಿಯ ಕಡೆ ಹಿಡಿದು ನೋಡಿದರೆ ಬೆಳಕಿನ ಉಂಗುರಗಳು ಒಂದರೊಳಗೊಂದು ದುಂಡಗೆ ಕಾಣಬೇಕು. ಉಂಗುರ ಒಂದು ಕಡೆ ಮುರಿದಂತಿದ್ದರೆ ಅಲ್ಲಿ ನಗ್ಗಿದೆ. ಇಡೀ ಸುತ್ತಿಗೆ ಒಂದು ಕಪ್ಪು ಪಟ್ಟಿ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಬಾಯಿಗೆ ಮಣ್ಣೋ ಬಟ್ಟೆಯೋ ಸಿಕ್ಕಿಕೊಂಡಿದ್ದಾಗ ಈಡು ಹೊಡೆದರೆ ಹೀಗಾಗುತ್ತದೆ. ನಗ್ಗನ್ನು ಒಳ್ಳೆಯ ಮಿಸ್ತ್ರಿ ಎಬ್ಬಿಸಬಲ್ಲ. ಉಬ್ಬಿದ ನಳಿಗೆಯನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ. ತೆಳುವಾದ ತುಕ್ಕಿನ ಚುಕ್ಕೆ ಪರವಾಗಿಲ್ಲ. ಉಗುರು ಸಿಕ್ಕುವಷ್ಟು ಆಳದ ಗುಳಿ, ಅದೂ ತೋಟೆ ಕೂರುವ ಗೂಡಿನ ಮುಂದೆ, ಇದ್ದರೆ ಬೇಡ. ಒತ್ತಡ ಅತಿ ಹೆಚ್ಚು ಬೀಳುವುದೇ ಅಲ್ಲಿ. ಒಳಗೆ ಉಜ್ಜಿಸಿ ಹೊಳಪು ಕೊಟ್ಟಿದ್ದಾರೆ ಎಂದು ಹೆಮ್ಮೆಯಿಂದ ಹೇಳಿದರೆ ಇನ್ನಷ್ಟು ಎಚ್ಚರವಾಗಿರಿ. ಉಜ್ಜಿದಷ್ಟೂ ಕಬ್ಬಿಣ ತೆಳುವಾಗಿರುತ್ತದೆ. ಒಳ ಅಳತೆ ತೆಗೆಯುವ ಗೇಜ್ ಇರುವ ಮಿಸ್ತ್ರಿಗೆ ತೋರಿಸಿ.

ಜೋಡಿ ನಳಿಗೆಯಾದರೆ ಇನ್ನೊಂದು ಪರೀಕ್ಷೆ ಇದೆ. ಬೇರೆ ಮಾಡಿದ ನಳಿಗೆಯ ಹಿಂಭಾಗದ ಕೊಕ್ಕೆಗೆ ದಾರ ಕಟ್ಟಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಗಟ್ಟಿ. ಬಿರುಕು ಬಿಟ್ಟ ಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆ, ಮಳೆನೀರು ಪಟ್ಟಿಯ ಕೆಳಗೆ ನುಗ್ಗಿ ಒಳಗಿಂದಲೇ ತುಕ್ಕು ತಿನ್ನುತ್ತಿರುತ್ತದೆ.

ಕೆಲವರು ಪ್ರಾಣಕ್ಕೆ ಕುತ್ತು ತಂದುಕೊಳ್ಳುವುದು ತೋಟೆಯ ಉದ್ದ ನೋಡದೆ. ಹಳೆಯ ವಿಲಾಯಿತಿ ಕೋವಿಗಳ ಗೂಡು ಎಷ್ಟೋ ಬಾರಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಇತ್ತೀಚಿನವು 70. ಡಬ್ಬಿಯ ಮೇಲೆ ಬರೆದಿರುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಹಾಗಾಗಿ 70ರ ತೋಟೆ 65ರ ಗೂಡಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚುತ್ತದೆ. ಈಡು ಹಾರಿದಾಗ ಮಾತ್ರ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ನಳಿಗೆಯ ಹಿಂತುದಿಯ ಅಡಿಯಲ್ಲಿ ಕೊರೆದ ಪ್ರೂಫ್ ಗುರುತು (ನಳಿಗೆಯ ಬಲ ಪರೀಕ್ಷಿಸಿದ ಮೇಲೆ ಹಾಕುವ ಮುದ್ರೆ) ಓದಿ: 65, 70, ಎರಡೂವರೆ, ಎರಡೂಮುಕ್ಕಾಲು ಎಂಬ ಅಂಕಿ ಅಲ್ಲಿರುತ್ತದೆ. ಇಂಗ್ಲೆಂಡಿನ ಕೋವಿಯಾದರೆ ಕಿರೀಟದ ಕೆಳಗೆ ಎನ್‌ಪಿ ಎಂದಿದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ ಎಂದರ್ಥ. ನಳಿಗೆಯ ಮೈಮೇಲೆ ಹಾವಿನ ಚರ್ಮದಂತೆ ಸುತ್ತು ಸುತ್ತು ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ನೋಡಲು ಬಹಳ ಚೆಂದ, ಗೋಡೆಗೆ ಸರಿ. ಈಗ ಸಿಗುವ ಶಕ್ತಿಮಾನ್ ಹೆಸರಿನ ಹೊಗೆರಹಿತ ಮದ್ದಿನ ತೋಟೆ ಅದರಲ್ಲಿ ಹಾಕಬೇಡಿ.

ಟ್ರಿಗರ್ ಪರೀಕ್ಷೆಗೆ ಖಾಲಿ ಕೋವಿಯನ್ನು ಸುಮ್ಮನೆ ಹೊಡೆಯಬೇಡಿ, ಹಳೆಯ ಪಿನ್ನು ಮುರಿಯುತ್ತದೆ. ಸ್ನ್ಯಾಪ್ ಕ್ಯಾಪ್ (ಪಿನ್ನಿಗೆ ಪೆಟ್ಟಾಗದ ನಕಲಿ ತೋಟೆ) ಇಲ್ಲದಿದ್ದರೆ ಹೊಡೆದು ಮುಗಿದ ಎರಡು ಖಾಲಿ ತೋಟೆ ತೆಗೆದುಕೊಂಡು, ಕೇಪು ತೆಗೆದ ಗುಂಡಿಗೆ ಪೆನ್ಸಿಲ್ ಅಳಿಸುವ ರಬ್ಬರಿನ ಚೂರು ತುರುಕಿ ಬಳಸಿ. ಸೇಫ್ಟಿ ಹಾಕಿ ಎರಡೂ ಟ್ರಿಗರ್‌ಗಳನ್ನು ಜೋರಾಗಿ ಎಳೆಯಿರಿ, ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ. ತೆಗೆಯುವಾಗ ಒಳಗಿನ ಸುತ್ತಿಗೆ ಟಕ್ಕೆಂದು ಬಿದ್ದರೆ ಆ ಕೋವಿ ಒಂದು ದಿನ ಯಾರನ್ನಾದರೂ ಕೊಲ್ಲುತ್ತದೆ. ಸೇಫ್ಟಿ ತೆಗೆದಿರುವಾಗಲೇ ಬಟ್ಟಿನ (ಹೆಗಲಿಗೆ ಒರಗುವ ಹಿಂದಿನ ಮರದ) ಹಿಂಭಾಗವನ್ನು ಅಂಗೈಯಿಂದ ಬಲವಾಗಿ ತಟ್ಟಿ ನೋಡಿ, ಆಗಲೂ ಬೀಳಬಾರದು. ಟ್ರಿಗರ್ ಒಂದೂವರೆಯಿಂದ ಎರಡು ಕಿಲೋ ಎಳೆತಕ್ಕೆ ಬಿದ್ದರೆ ಸರಿ. ಮುಟ್ಟಿದರೆ ಬೀಳುವಷ್ಟು ಹಗುರವಾಗಿದ್ದರೆ ಯಾರೋ ಅರ ಹಾಕಿ ತೇದಿದ್ದಾರೆ.

ಮರ ನೋಡುವಾಗ ಆಕ್ಷನ್ ಕೂತ ಜಾಗದ ಹಿಂದೆ ಎಳೆ ಬಿರುಕಿದೆಯೇ ಹುಡುಕಿ. ವರ್ಷಗಟ್ಟಲೆ ಎಣ್ಣೆ ಇಳಿದು ಅಲ್ಲಿ ಮರ ಕಪ್ಪಾಗಿ ಮೆತ್ತಗಾಗಿರುತ್ತದೆ. ಹಿಂದಿನ ಮರದ ಕುತ್ತಿಗೆಗೆ ತಂತಿ ಸುತ್ತಿದ್ದರೆ ಕಾರಣ ಕೇಳುವ ಅಗತ್ಯವೇ ಇಲ್ಲ.

ಕಾಗದಪತ್ರದಲ್ಲಿ ಅವಸರ ಬೇಡ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರ ಅಕ್ಟೋಬರ್ 31ರವರೆಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಉಳಿದವರಿಗೆ ಲೈಸೆನ್ಸ್ ಮೊದಲು, ಕೋವಿ ಆಮೇಲೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬರ ಬಳಿ ಎರಡೇ ಕೋವಿ ಇರಬಹುದು, ಲೈಸೆನ್ಸಿನ ಅವಧಿ 5 ವರ್ಷ. ಒಬ್ಬ ಲೈಸೆನ್ಸ್‌ದಾರ ಇನ್ನೊಬ್ಬರಿಗೆ ಮಾರುವಾಗ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಮುಂಗಡ ಕೊಡುವ ಮುನ್ನವೇ ನಳಿಗೆಯ ಮೇಲೂ ಆಕ್ಷನ್ ಮೇಲೂ ಕೊರೆದ ನಂಬರನ್ನು ಮಾರುವವರ ಲೈಸೆನ್ಸಿನ ನಂಬರಿಗೆ ಒಂದೊಂದೇ ಅಂಕಿಯಾಗಿ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ಅದನ್ನು ಲೈಸೆನ್ಸಿನಲ್ಲಿ ಸರಿಪಡಿಸಿಕೊಡುವುದು ಮಾರುವವರ ಹೊಣೆ.

ಲೈಸೆನ್ಸ್ ಇದೆಯೆಂದು ಕಾಡುಪ್ರಾಣಿಗೆ ಗುರಿಯಿಡುವಂತಿಲ್ಲ. ತೋಟಕ್ಕೆ ನುಗ್ಗಿದ ಆನೆಗೆ ಚರೆ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯಡಿ ದೊಡ್ಡ ಅಪರಾಧ. ಗಾಯಗೊಂಡ ಆನೆ ಮಾರನೆಯ ದಿನ ಎದುರಾಗುವುದು ಕಾಫಿ ಕೊಯ್ಯಲು ಬಂದ ಹೆಂಗಸರಿಗೆ. ಮದುವೆ ಮೆರವಣಿಗೆಯಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಈಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವಂತೆ ಆದೇಶವಾದರೆ ಹಿಂದಿನ ರಾತ್ರಿಯೇ ನಳಿಗೆಯ ಒಳಗೂ ಹೊರಗೂ ಧಾರಾಳವಾಗಿ ಎಣ್ಣೆ ಬಳಿಯಿರಿ. ಚರ್ಮದ ಚೀಲದಲ್ಲಿ ಇಟ್ಟು ಕೊಡಬೇಡಿ, ಚರ್ಮ ತೇವ ಹಿಡಿಯುತ್ತದೆ. ರಶೀದಿಯಲ್ಲಿ ನಂಬರಿನ ಜೊತೆ ಕೋವಿಯ ಸ್ಥಿತಿಯನ್ನೂ ಬರೆಸಿ. ವಾಪಸು ಬಂದ ದಿನ ಮೊದಲು ಒಣ ಬಟ್ಟೆ ಎಳೆದು ಎಣ್ಣೆ ತೆಗೆದು, ಕಿಟಕಿಗೆ ಹಿಡಿದು ಉಂಗುರ ನೋಡಿ, ಆಮೇಲೆ ತೋಟೆ ಹಾಕಿ.