ಹೊಸ ಆಕ್ಸಿಜನ್ ಸೆನ್ಸರ್ ಹಾಕಿಸುವ ಮುನ್ನ ಗಮನಿಸಬೇಕಾದದ್ದು

ಮಳೆಗಾಲದಲ್ಲಿ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಓಡಾಡುವ ನಮ್ಮ ವಾಹನಗಳಲ್ಲಿ ಎಂಜಿನ್ ಲೈಟ್ ಹೊತ್ತಿಕೊಂಡು, ಹೊಸ ಆಕ್ಸಿಜನ್ ಸೆನ್ಸರ್ (ಎಂಜಿನ್ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಭಾಗ) ಹಾಕಿಸಿದ ಕೆಲವೇ ತಿಂಗಳಲ್ಲಿ ಅದೇ ದೂರು ಮರುಕಳಿಸಿದರೆ, ದೋಷವನ್ನು ಬಿಡಿಭಾಗದ ಮೇಲಷ್ಟೇ ಹೊರಿಸಬೇಡಿ. ಎಂಜಿನ್ ಆಯಿಲ್ ಸುಡುತ್ತಿದ್ದರೆ, ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಒಳಗೆ ಸೋರುತ್ತಿದ್ದರೆ ಅಥವಾ ಗ್ಯಾಸ್ಕೆಟ್‌ಗೆ (ಎಂಜಿನ್ ಭಾಗಗಳ ನಡುವಿನ ಸೀಲ್) ಸೂಕ್ತವಲ್ಲದ ಸಿಲಿಕೋನ್ ಪೇಸ್ಟ್ ಹಚ್ಚಿದ್ದರೆ, ಆಕ್ಸಿಜನ್ ಸೆನ್ಸರ್ ಎಷ್ಟೇ ಒಳ್ಳೆಯ ಕಂಪನಿಯದ್ದಾದರೂ ಅದರ ತುದಿಗೆ ಪದರ ಕಟ್ಟಿ ಬೇಗ ಕೆಡುತ್ತದೆ. ಬಿಚ್ಚಿದ ಹಳೆಯ ಸೆನ್ಸರನ್ನು ಮೆಕ್ಯಾನಿಕ್‌ನಿಂದ ಕೇಳಿ ಪಡೆದು ನೀವೇ ನೋಡಿ: ತುದಿಯಲ್ಲಿ ಕಪ್ಪು ಜಿಡ್ಡಿದ್ದರೆ ಆಯಿಲನ್ನು, ಬಿಳಿ ಪದರವಿದ್ದರೆ ಕೂಲೆಂಟ್ ಅಥವಾ ಸಿಲಿಕೋನನ್ನು ಅನುಮಾನಿಸಬೇಕು. ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಮೊದಲು ಅದನ್ನು ಸರಿಪಡಿಸಿ. ನಮ್ಮ ಮಲೆನಾಡಿನ ತೇವದಲ್ಲಿ ಇದು ತೀರ ಸಾಮಾನ್ಯ.

ಕೊಳ್ಳುವಾಗ ಪಾರ್ಟ್ ನಂಬರನ್ನು ಹಳೆಯದರೊಂದಿಗೆ ತಾಳೆ ನೋಡಿ. ತಂತಿ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಸೆನ್ಸರ್ ಅಗ್ಗವಾದರೂ, ಜೋಡಣೆ ಸರಿಯಾಗದಿದ್ದರೆ ಆ ಜಾಗದಲ್ಲೇ ನೀರು ಇಳಿಯುವುದರಿಂದ ನಾನಂತೂ ಅದನ್ನು ಶಿಫಾರಸು ಮಾಡುವುದಿಲ್ಲ. ಹೆಸರಾಂತ ಕಂಪನಿಗಳ ನಕಲಿ ಮಾಲು ಮಾರುಕಟ್ಟೆಯಲ್ಲಿರುವುದರಿಂದ, ಅಧಿಕೃತ ಮಾರಾಟಗಾರರಲ್ಲೇ ಖರೀದಿಸಿ, ಪಾರ್ಟ್ ನಂಬರ್ ಬರೆದ ಬಿಲ್ಲನ್ನು ವಾರಂಟಿ ಮುಗಿಯುವವರೆಗೆ ಜೋಪಾನವಾಗಿಡಿ.